ಮೇ ತಿಂಗಳಲ್ಲಿ 28 ದಿನ

ಹುಡುಗಿ: ಎರಡು ಆಫರ್ ಬಂದಿದೆ ಚಿಕ್ಕಪ್ಪ. ಒಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ, ವರ್ಷಕ್ಕೆ ಮೂರೂವರೆ ಲಕ್ಷ. ಇನ್ನೊಂದು ಗದಗದ ಹತ್ತಿರ ಗಾಳಿ ವಿದ್ಯುತ್ ಕಂಪನಿ, ಸೈಟ್ ಇಂಜಿನಿಯರ್, ಮೂರು ಲಕ್ಷ. ಮೊದಲನೇದನ್ನ ಅಪ್ಪ ಆಗಲೇ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಬಿಟ್ಟಿದ್ದಾರೆ. ಎರಡನೇದರ ವಿಷಯ ಮನೇಲಿ ಇನ್ನೂ ಬಾಯಿ ಬಿಟ್ಟಿಲ್ಲ.

ಚಿಕ್ಕಪ್ಪ: ಅಣ್ಣನ ಹತ್ರ ನಾನು ಮಾತಾಡಬೇಕು, ಅದಕ್ಕೆ ಬಂದಿದ್ದೀಯ.

ಹುಡುಗಿ: ಅದು ಆಮೇಲೆ. ಮೊದಲು ನನಗೇ ತೀರ್ಮಾನ ಆಗಬೇಕಲ್ಲ. ನಮ್ಮ ಮನೆತನದಲ್ಲಿ ಬಂಡೆ ಹತ್ತಿಕೊಂಡು, ಬೆಟ್ಟ ಸುತ್ತಿಕೊಂಡು, ಜೊತೆಗೆ ತಿಂಗಳ ಸಂಬಳಾನೂ ಎಣಿಸಿಕೊಂಡವರು ನೀವೊಬ್ಬರೇ. ಅದು ಹೇಗಾಯ್ತು ಅಂತ ಕೇಳೋಕೆ ಬಂದೆ.

ಚಿಕ್ಕಪ್ಪ: ಹೇಗೂ ಇಲ್ಲ. ಸರ್ಕಾರಿ ಪಿಯು ಕಾಲೇಜಿನ ಬಾಟನಿ ಲೆಕ್ಚರರ್, ಊರು ರಾಮನಗರ. ಬೆಂಗಳೂರಿನವರು ಭಾನುವಾರ ಬೆಳಗಿನ ಜಾವ ಎದ್ದು ಐವತ್ತು ಕಿಲೋಮೀಟರ್ ಬರ್ತಿದ್ದ ಬಂಡೆಗೆ ನಾನು ಸಂಜೆ ಕ್ಲಾಸ್ ಮುಗಿಸಿ ಸೈಕಲ್ಲಲ್ಲಿ ಹೋಗ್ತಿದ್ದೆ. ಸಂಬಳ ಕಮ್ಮಿ ಇತ್ತು, ಬಂಡೆ ಹತ್ರ ಇತ್ತು. ಇರಲಿ, ನಿನ್ನ ಆಫರ್ ಲೆಟರಲ್ಲಿ ರಜೆ ಬಗ್ಗೆ ಏನು ಬರೆದಿದ್ದಾರೆ, ಓದು.

ಹುಡುಗಿ: ಬೆಂಗಳೂರಿನದು: ವರ್ಷಕ್ಕೆ ಹದಿನೆಂಟು ಗಳಿಕೆ ರಜೆ. ಪ್ರೊಬೇಷನ್ ಆರು ತಿಂಗಳು, ಆಗ ತಗೊಳ್ಳೋ ಹಾಗಿಲ್ಲ. ಕೊನೇಲಿ ಸಣ್ಣಕ್ಷರದಲ್ಲಿ ಒಂದು ಸಾಲು, ಕೆಲಸದ ಒತ್ತಡ ನೋಡಿಕೊಂಡು ಮ್ಯಾನೇಜರ್ ಒಪ್ಪಿದರೆ ಮಾತ್ರ ಅಂತ.

ಚಿಕ್ಕಪ್ಪ: ಹದಿನೆಂಟನ್ನ ಕಂಪನಿಯ ಔದಾರ್ಯ ಅಂದುಕೋಬೇಡ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಂತ 1961ರದ್ದು ಇದೆ. 20 ದಿನ ದುಡಿದರೆ ಒಂದು ದಿನ ಸಂಬಳದ ರಜೆ ಅನ್ನೋದು ಅಲ್ಲೇ ಬಂದಿರೋ ಮಾತು. ಆದರೆ ಆ ರಜೆ ಯಾವ ತಿಂಗಳಲ್ಲಿ, ಒಟ್ಟಿಗೋ ಬಿಡಿಬಿಡಿಯಾಗೋ ಅಂತ ತೀರ್ಮಾನ ಆಗೋದು ನೀನು ಕೊನೇಲಿ ಓದಿದ ಸಣ್ಣಕ್ಷರದ ಸಾಲಲ್ಲಿ. ಸಂಬಳದ ಸಾಲನ್ನ ನೆಂಟರೂ ಓದ್ತಾರೆ. ಇದನ್ನ ನೀನೊಬ್ಬಳೇ ಓದಬೇಕು.

ಹುಡುಗಿ: ನನಗೆ ಬೇಕಾಗಿರೋದು 28 ದಿನ, ಒಟ್ಟಿಗೆ, ಮೇ ತಿಂಗಳಲ್ಲಿ. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್. ಅದಾದ ಮೇಲೆ ಅಡ್ವಾನ್ಸ್ಡ್ ಕೋರ್ಸ್, ಅದಕ್ಕೆ ಮತ್ತೆ ಅಷ್ಟೇ ದಿನ. ಮಧ್ಯೆ ವಾರಾವಾರ ಬಂಡೆ. ತುರಹಳ್ಳಿ, ರಾಮನಗರ, ಆದಾಗ ಬಾದಾಮಿ.

ಚಿಕ್ಕಪ್ಪ: ಅಂದ್ರೆ ನಿನ್ನದು ಎರಡು ಹವ್ಯಾಸ. ಒಂದಕ್ಕೆ ಚಿಲ್ಲರೆ ರಜೆ ಸಾಕು, ಇನ್ನೊಂದಕ್ಕೆ ಇಡುಗಂಟೇ ಬೇಕು. ಬೆರಳಿನ ಶಕ್ತಿ ಅನ್ನೋದು ವಾರಕ್ಕೆರಡು ಸಲ ಹತ್ತಿದರೆ ಉಳಿಯುತ್ತೆ, ತಿಂಗಳು ಬಿಟ್ಟರೆ ಇಳಿಯುತ್ತೆ. ಹಾಗಾಗಿ ಬಂಡೆಯೋ ಜಿಮ್ ಗೋಡೆಯೋ ಆಫೀಸಿನ ಹತ್ರ ಇರಬೇಕು. ಹಿಮಾಲಯಕ್ಕೆ ಹತ್ರ ದೂರ ಅನ್ನೋದು ಲೆಕ್ಕಕ್ಕಿಲ್ಲ, ಅಲ್ಲಿಗೆ ಬೇಕಾದ್ದು ಉದ್ದದ ರಜೆ. ಎಷ್ಟೋ ಹುಡುಗರು ರಜೆ ಜಾಸ್ತಿ ಅಂತ ಕೆಲಸಕ್ಕೆ ಸೇರ್ತಾರೆ. ಸೇರಿದ ಮೇಲೆ ನೋಡಿದರೆ ಅಷ್ಟೂ ಚಿಲ್ಲರೆ. ಸೋಮವಾರ ಒಂದು, ಹಬ್ಬದ ಮಾರನೇ ದಿನ ಒಂದು. ಕೂಡಿಸಿದರೆ ಇಪ್ಪತ್ತಾಗುತ್ತೆ, ಒಂದು ಕಣಿವೆ ದಾಟೋಕಾಗಲ್ಲ.

ಹುಡುಗಿ: ಚಿಲ್ಲರೇಲೇ ಸುಖವಾಗಿರೋರೂ ಇದಾರಲ್ಲ.

ಚಿಕ್ಕಪ್ಪ: ಧಾರಾಳವಾಗಿ. ಮೂಲ್ಕಿ ಕಡಲಲ್ಲಿ ಸರ್ಫಿಂಗ್ ಮಾಡೋನು ಬೆಳಿಗ್ಗೆ ಎರಡು ಗಂಟೆ ಅಲೆ ಮೇಲಿದ್ದು, ಸ್ನಾನ ಮಾಡಿ ಮಂಗಳೂರಿಗೆ ಕೆಲಸಕ್ಕೆ ಹೋಗಬಹುದು. ಪಕ್ಷಿ ನೋಡೋನಿಗೆ ಊರ ಕೆರೆ ಏರಿ ಸಾಕು. ದೂರದ ಸೈಕಲ್ ಓಡಿಸೋರಿಗೂ ಅಷ್ಟೇ, 200 ಕಿಲೋಮೀಟರ್ ಬ್ರೆವೆ ಅಂದ್ರೆ ಹದಿಮೂರೂವರೆ ಗಂಟೆ, ಒಂದು ಭಾನುವಾರದ ಮಾತು. ಇವರೆಲ್ಲ ಊರು ಆರಿಸ್ಕೊಂಡರೆ ಮುಗೀತು, ಕೆಲಸ ಯಾವುದಾದ್ರೂ ನಡೆಯುತ್ತೆ. ಹಿಮದ ಮೇಲೆ ಕಣ್ಣಿಟ್ಟವರಿಗೆ ಮಾತ್ರ ಈ ಫಜೀತಿ.

ಹುಡುಗಿ: ನಿಮ್ಮ ಮೇಷ್ಟ್ರು ಕೆಲಸದಲ್ಲಿ ಇಡುಗಂಟು ತಾನಾಗೇ ಬರ್ತಿತ್ತಲ್ಲ.

ಚಿಕ್ಕಪ್ಪ: ಬರ್ತಿತ್ತು. ಬೇಸಿಗೆ ರಜೆ ಏಪ್ರಿಲ್-ಮೇ, ಇನ್ನೊಂದು ದಸರಾ ರಜೆ ಅಕ್ಟೋಬರ್ ಸುಮಾರಿಗೆ. ಹಿಮಾಲಯ ತೆರೆಯೋದೂ ವರ್ಷಕ್ಕೆ ಎರಡೇ ಸಲ. ಮಳೆಗೆ ಮುಂಚೆ ಮೇ-ಜೂನ್, ಮಳೆ ಕಳೆದ ಮೇಲೆ ಸೆಪ್ಟೆಂಬರ್-ಅಕ್ಟೋಬರ್. ಶಿಕ್ಷಣ ಇಲಾಖೆಯಲ್ಲಿ ಯಾರೋ ಪರ್ವತಾರೋಹಿ ಕೂತು ಕ್ಯಾಲೆಂಡರ್ ಬರೆದಿದ್ದಾನೆ ಅಂತ ನಾವು ತಮಾಷೆ ಮಾಡ್ತಿದ್ವಿ. ನನ್ನ ಹಗ್ಗದ ಇನ್ನೊಂದು ತುದಿ ಹಿಡೀತಿದ್ದ ಗೆಳೆಯ ಚಾರ್ಟರ್ಡ್ ಅಕೌಂಟೆಂಟ್. ಜುಲೈ 31, ಸೆಪ್ಟೆಂಬರ್ 30, ಅಕ್ಟೋಬರ್ 31, ತೆರಿಗೆಯ ಈ ಮೂರು ಗಡುವಿನ ಮಧ್ಯೆ ಅವನು ಮನುಷ್ಯರ ಕೈಗೆ ಸಿಗ್ತಿರಲಿಲ್ಲ. ಹಿಮಾಲಯದ ಅಕ್ಟೋಬರ್ ಅವನ ಪಾಲಿಗಿಲ್ಲ. ಆದರೆ ನವೆಂಬರ್ ಬಂತು ಅಂದ್ರೆ ಬಾದಾಮಿ. ಅಲ್ಲಿನ ಕೆಂಪು ಮರಳುಗಲ್ಲು ಬೇಸಿಗೇಲಿ ಮುಟ್ಟೋ ಹಾಗಿರಲ್ಲ, ನವೆಂಬರಿಂದ ಫೆಬ್ರುವರಿವರೆಗೆ ಹಿತ. ಅವನ ಬಿಡುವು ಅದಕ್ಕೆ ಸರಿಯಾಗಿ ಕೂತಿತ್ತು. ನನಗಿಂತ ಚೆನ್ನಾಗಿ ಬಂಡೆ ಹತ್ತಿದ್ದೂ ಅವನೇ.

ಹುಡುಗಿ: ಹಾಗಾದ್ರೆ ನೀವು ಹೇಳ್ತಿರೋದು, ಸಂಬಳ ಬಿಟ್ಟು ಕ್ಯಾಲೆಂಡರ್ ನೋಡು ಅಂತ.

ಚಿಕ್ಕಪ್ಪ: ಎರಡು ಕ್ಯಾಲೆಂಡರ್ ಪಕ್ಕ ಪಕ್ಕ ಇಟ್ಟು ನೋಡು. ಒಂದು ಕೆಲಸದ್ದು, ಒಂದು ಬೆಟ್ಟದ್ದು. ಬೆಟ್ಟದ ಕ್ಯಾಲೆಂಡರ್ ಬದಲಾಯಿಸೋಕೆ ಯಾವ ಮ್ಯಾನೇಜರಿಗೂ ಆಗಲ್ಲ.

ಹುಡುಗಿ: ಮೇಷ್ಟ್ರು ಕೆಲಸ ನಿಮ್ಮ ಕಾಲಕ್ಕೆ ಸರಿ. 2006ರ ಏಪ್ರಿಲ್ ಮೇಲೆ ಸೇರಿದವರಿಗೆ ನಿಮ್ಮ ಹಾಗೆ ಹಳೇ ಪಿಂಚಣಿ ಇಲ್ಲ. ಅರ್ಜಿ ಕರೆದು, ಪರೀಕ್ಷೆ ಆಗಿ, ಕೋರ್ಟಿಗೆ ಹೋಗಿ, ಆಯ್ಕೆ ಪಟ್ಟಿ ಬರೋಷ್ಟರಲ್ಲಿ ಮೊಣಕಾಲು ಸವೆದಿರುತ್ತೆ. ಆ ಬೇಸಿಗೆ ರಜೆ ತಾನೇ ಎಲ್ಲಿ ಉಳಿದಿದೆ ಈಗ?

ಚಿಕ್ಕಪ್ಪ: ಅದು ನಿಜ. 2024ರಲ್ಲಿ ದ್ವಿತೀಯ ಪಿಯುಸಿಗೆ ಮೂರು ಪರೀಕ್ಷೆ ಮಾಡಿದ್ರಲ್ಲ, ಒಂದರ ಮೌಲ್ಯಮಾಪನ ಮುಗಿಯೋಷ್ಟರಲ್ಲಿ ಇನ್ನೊಂದರ ಡ್ಯೂಟಿ. ಮಕ್ಕಳಿಗೆ ಒಳ್ಳೇದೇ ಆಯ್ತು ಅನ್ನು. ಮೇಲೆ ಚುನಾವಣೆ ಬೇರೆ. ವಿಧಾನಸಭೆ ಚುನಾವಣೆ 2013, 2018, 2023, ಮೂರೂ ಸಲ ಮೇ ತಿಂಗಳಲ್ಲೇ. ಮತಗಟ್ಟೆಗೆ ಹೋಗೋರು ಯಾರು, ನಾವೇ. ಸಮೀಕ್ಷೆ ಬಂದರೆ ದಸರಾ ರಜೆಗೂ ಕುತ್ತು. ಬೇಸಿಗೆ ರಜೆ ಇದೆಯಲ್ಲ ಅಂತ ನಮಗೆ ಗಳಿಕೆ ರಜೆಯನ್ನೂ ಬೇರೆ ಸರ್ಕಾರಿ ನೌಕರರ ಹಾಗೆ ವರ್ಷಕ್ಕೆ ಮೂವತ್ತು ಕೊಡಲ್ಲ.

ಹುಡುಗಿ: ಅಲ್ಲಿಗೆ ಮೇಷ್ಟ್ರು ಕೆಲಸ ಬಿಟ್ಟೆ.

ಚಿಕ್ಕಪ್ಪ: ಬಿಡು. ಆದರೆ ಸರ್ಕಾರಿ ಕೆಲಸವನ್ನೇ ಪೂರ್ತಿ ತಳ್ಳಿ ಹಾಕಬೇಡ. ಕೇಂದ್ರ ಸರ್ಕಾರದ ನೌಕರರಿಗೆ, ಇಂಡಿಯನ್ ಮೌಂಟೆನಿಯರಿಂಗ್ ಫೌಂಡೇಶನ್ ಒಪ್ಪಿಗೆ ಕೊಟ್ಟ ಪರ್ವತಾರೋಹಣಕ್ಕೆ ಹೋದರೆ ವಿಶೇಷ ಸಾಂದರ್ಭಿಕ ರಜೆ ಅಂತಲೇ ಇದೆ. ಗಳಿಕೆ ರಜೆಗೆ ಕೈ ಹಾಕದೆ ಬೆಟ್ಟಕ್ಕೆ ಹೋಗಿಬರಬಹುದು. ಹೀಗೊಂದು ನಿಯಮ ಇರೋದು ಎಷ್ಟು ಕಚೇರಿಗಳಲ್ಲಿ ಗೊತ್ತು ಅನ್ನೋದು ಬೇರೆ ಪ್ರಶ್ನೆ.

ಹುಡುಗಿ: ನನ್ನ ಸ್ನೇಹಿತರದ್ದು ಬೇರೆ ಲೆಕ್ಕ. ನಲವತ್ತರವರೆಗೆ ಕಣ್ಣು ಮುಚ್ಚಿಕೊಂಡು ದುಡಿಯೋದು, ವಾರಕ್ಕೆ 70 ಗಂಟೆಯಾದರೂ ಸೈ. ಮ್ಯೂಚುವಲ್ ಫಂಡಿಗೆ ಹಾಕೋದು. ಆಮೇಲೆ ಕೆಲಸ ಬಿಟ್ಟು ಬೆಟ್ಟ ಹತ್ತೋದು.

ಚಿಕ್ಕಪ್ಪ: ನಲವತ್ತು ದಾಟಿದವರನ್ನ ಆ ಬೇಸಿಕ್ ಕೋರ್ಸಿಗೇ ಸಾಮಾನ್ಯವಾಗಿ ಸೇರಿಸ್ಕೊಳ್ಳಲ್ಲ ಅಂತ ಅವರಿಗೆ ಹೇಳಿದ್ಯಾ?

ಹುಡುಗಿ: ಹೇಳಿದೆ. ನಂಬಲಿಲ್ಲ.

ಚಿಕ್ಕಪ್ಪ: ದುಡ್ಡನ್ನ ಮುಂದಕ್ಕೆ ಹಾಕಬಹುದು, ಮಂಡೀನ ಹಾಕೋಕಾಗಲ್ಲ. ಅಷ್ಟರಲ್ಲಿ ಇನ್ನೊಂದೂ ಆಗಿರುತ್ತೆ. ಮೂವತ್ತಕ್ಕೆ ಫ್ಲ್ಯಾಟ್ ತಗೊಂಡಿರ್ತಾರೆ, ಇಪ್ಪತ್ತು ವರ್ಷದ ಇಎಂಐ. ನನ್ನ ಕೇಳಿದ್ರೆ ಹೊರಾಂಗಣ ಹವ್ಯಾಸಕ್ಕೆ ಕಡಿಮೆ ಸಂಬಳಕ್ಕಿಂತ ದೊಡ್ಡ ಶತ್ರು ಈ ಇಎಂಐ. ಹಗ್ಗ, ಹಾರ್ನೆಸ್, ಶೂ, ಹೆಲ್ಮೆಟ್, ಇವು ಒಂದು ಸಲದ ಖರ್ಚು, ಕೆಲವು ವರ್ಷ ಬರುತ್ತೆ. ಸಂಸ್ಥೆಯ ಕೋರ್ಸಿನ ಫೀಗೆ ಸರ್ಕಾರದ ಸಹಾಯ ಇದೆ, ಖಾಸಗಿ ಟ್ರೆಕ್ಕಿಂಗ್ ಕಂಪನಿಗಳ ದರಕ್ಕೆ ಹೋಲಿಸಿದರೆ ಏನೂ ಅಲ್ಲ. ವನ್ಯಜೀವಿ ಫೋಟೋಗ್ರಫಿ ಹುಚ್ಚಾಗಿದ್ದಿದ್ರೆ ನಾನು ಬೇರೆ ಮಾತಾಡ್ತಿದ್ದೆ. 600 ಎಂಎಂ ದೊಡ್ಡ ಲೆನ್ಸ್ ಒಂದಕ್ಕೇ ಹತ್ತು ಲಕ್ಷ ದಾಟುತ್ತೆ, ಅದಕ್ಕೆ ಸಂಬಳಾನೇ ಬೇಕು. ಬಂಡೆಗೆ ಬೇಡ. ನಿನ್ನ ಎರಡು ಆಫರಿನ ಲೆಕ್ಕ ಹಾಕಿದ್ದೀಯಾ?

ಹುಡುಗಿ: ಹಾಕಿದ್ದೀನಿ. ಬೆಂಗಳೂರಲ್ಲಿ ಕೈಗೆ ಇಪ್ಪತ್ತಾರು ಸಾವಿರ ಬರಬಹುದು. ಪಿಜಿಗೆ ಹತ್ತು, ಓಡಾಟ, ಹೊರಗಿನ ಊಟ, ಫೋನು ಎಲ್ಲ ಸೇರಿ ಏಳು, ಮನೆಗೆ ನಾಲ್ಕು. ಉಳಿಯೋದು ಐದು. ಗದಗದಲ್ಲಿ ಕೈಗೆ ಇಪ್ಪತ್ತೆರಡು. ರೂಮು ನಾಲ್ಕೂವರೆ, ಊಟಕ್ಕೆ ಖಾನಾವಳಿ ಇದೆ, ಓಡಾಟಕ್ಕೆ ಕಂಪನಿ ಜೀಪು. ಮನೆಗೆ ನಾಲ್ಕು ಕೊಟ್ಟ ಮೇಲೂ ಏಳೆಂಟು ಸಾವಿರ ಕೈಲಿರುತ್ತೆ.

ಚಿಕ್ಕಪ್ಪ: ನೆಂಟರಿಗೆ ಮೂರೂವರೆ ದೊಡ್ಡದು, ನಿನಗೆ ಮೂರೇ ದೊಡ್ಡದು.

ಹುಡುಗಿ: ಮೇಲಾಗಿ ಗದಗದಿಂದ ಬಾದಾಮಿಗೆ ಎಪ್ಪತ್ತು ಕಿಲೋಮೀಟರ್ ಆಸುಪಾಸು, ರೈಲೇ ಇದೆ. ಬೆಂಗಳೂರಿಂದಾದರೆ ಇಡೀ ರಾತ್ರಿ ಪ್ರಯಾಣ.

ಚಿಕ್ಕಪ್ಪ: ನನ್ನನ್ನ ಅದೇ ಜಿಲ್ಲೆಗೆ ವರ್ಗ ಮಾಡಿದಾಗ ಮನೇಲೆಲ್ಲ ಶಿಕ್ಷೆ ಅಂದುಕೊಂಡ್ರು. ರಾಮನಗರದ ಗ್ರಾನೈಟ್ ಬಿಟ್ಟು ಬಯಲುಸೀಮೆ ಎರೆಮಣ್ಣಿಗೆ. ಚಳಿಗಾಲದಲ್ಲಿ ಯಾರೋ ಮಾಗಡಿ ಕೆರೆಗೆ ಕರ್ಕೊಂಡು ಹೋದರು. ನಮ್ಮ ರಾಮನಗರದ ಮಾಗಡಿ ಅಲ್ಲ, ಶಿರಹಟ್ಟಿ ತಾಲ್ಲೂಕಿಂದು. ಪಟ್ಟೆತಲೆಯ ಹೆಬ್ಬಾತು ಸಾವಿರಗಟ್ಟಲೆ. ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬಂದವು, ಬೆಳಗಾದರೆ ಊರವರ ಹೊಲಕ್ಕೆ ಮೇಯೋಕೆ ಹೋಗ್ತವೆ. 2024ರಲ್ಲಿ ಆ ಕೆರೆ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ನಾನು ಪಕ್ಷಿ ನೋಡೋಕೆ ಶುರು ಮಾಡಿದ್ದು ಅಲ್ಲೇ. ಸಂಜೆ ಸೈಕಲ್ಲಲ್ಲಿ ಹೋಗೋಷ್ಟು ಹತ್ರ ಬಂಡೆ ಸಿಗದಿದ್ದ ಕಡೆ ಹವ್ಯಾಸಾನೇ ಬದಲಾಯಿಸ್ಕೊಂಡೆ. ಒಂದೇ ಹವ್ಯಾಸಕ್ಕೆ ಕಟ್ಟುಬಿದ್ದು ಕೆಲಸ ಆರಿಸೋರು ಇದನ್ನ ಯೋಚನೆ ಮಾಡಲ್ಲ.

ಹುಡುಗಿ: ನನಗೀಗ ಹಕ್ಕಿ ಬೇಡ ಚಿಕ್ಕಪ್ಪ, ಹಿಮ ಬೇಕು.

ಚಿಕ್ಕಪ್ಪ: ಸರಿ. ಗಾಳಿ ಕಂಪನಿಯ ಕ್ಯಾಲೆಂಡರ್ ಏನು ಹೇಳುತ್ತೆ?

ಹುಡುಗಿ: ಅಲ್ಲೇ ಸಿಕ್ಕಿಹಾಕ್ಕೊಂಡಿದ್ದೀನಿ. ಅಲ್ಲಿ ಗಾಳಿ ಜೋರಾಗೋದು ಮೇ ತಿಂಗಳಿಂದ, ಸೆಪ್ಟೆಂಬರ್‌ವರೆಗೆ ಬೀಸುತ್ತೆ. ಆಗ ಒಂದು ಯಂತ್ರ ನಿಂತರೂ ನಷ್ಟ, ಯಾರಿಗೂ ಉದ್ದದ ರಜೆ ಕೊಡಲ್ಲವಂತೆ. ಗಾಳಿ ಕಡಿಮೆ ಇರೋ ತಿಂಗಳಲ್ಲಿ ವಾರ್ಷಿಕ ನಿರ್ವಹಣೆ. ಅಂದ್ರೆ ಹಿಮಾಲಯದ ಮೇ ತಿಂಗಳೂ ಹೋಯ್ತು, ಬಾದಾಮಿಯ ಚಳಿಗಾಲದಲ್ಲೂ ಕೈ ತುಂಬ ಕೆಲಸ. ವಾರಕ್ಕೆ ಆರು ದಿನ ಬೇರೆ. ಒಂದೇ ಸಮಾಧಾನ ಅಂದ್ರೆ ವಾರದ ರಜೆ ಭಾನುವಾರವೇ ಇರಬೇಕು ಅಂತಿಲ್ಲ, ಸರದಿ ಮೇಲೆ ಬರುತ್ತೆ.

ಚಿಕ್ಕಪ್ಪ: ಅದನ್ನ ಹಗುರವಾಗಿ ತಗೋಬೇಡ. ಮಂಗಳವಾರದ ಒಂದು ರಜೆ ಎರಡು ಭಾನುವಾರಕ್ಕೆ ಸಮ. 2024ರ ಗಣರಾಜ್ಯೋತ್ಸವ ಶುಕ್ರವಾರ ಬಿತ್ತು. ಮೂರು ದಿನ ಸಾಲು ರಜೆ ಅಂತ ಕುಮಾರ ಪರ್ವತಕ್ಕೆ ಎಷ್ಟು ಜನ ನುಗ್ಗಿದ್ರು, ಆ ವಿಡಿಯೋ ನೀನೂ ನೋಡಿರ್ತೀಯ. ಸಂತೆಯಲ್ಲೂ ಅಷ್ಟು ಜನ ಇರಲ್ಲ. ಆಮೇಲೆ ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಮಾಡಿ, ದಿನಕ್ಕೆ 300 ಜನ ಅಂತ ಮಿತಿ ಹಾಕಿತು. ಶನಿವಾರ ಭಾನುವಾರ ಮಾತ್ರ ಬಿಡುವಿರೋರೆಲ್ಲ ಆ ಮುನ್ನೂರಕ್ಕೆ ಬಡಿದಾಡಬೇಕು. ಬಂಡೇಲೂ ಅದೇ ಕತೆ, ಭಾನುವಾರ ಒಂದು ರೂಟಿಗೆ ಸರದಿ ನಿಲ್ಲಬೇಕು. ನನ್ನ ಹತ್ರ ಬಂಡೆ ಹತ್ತೋಕೆ ಕಲಿತವರಲ್ಲಿ ಇವತ್ತಿಗೂ ಬಿಡದೆ ಹತ್ತುತ್ತಾ ಇರೋರು ಯಾರು ಗೊತ್ತಾ? ಒಬ್ಬಳು ನರ್ಸ್, ಒಬ್ಬ ಲೋಕೋ ಪೈಲಟ್. ಪಾಳಿ ಕೆಲಸ ಅಂತ ಜನ ಅಯ್ಯೋ ಪಾಪ ಅಂತಾರೆ. ಬುಧವಾರ ಬೆಳಿಗ್ಗೆ ಖಾಲಿ ಬಂಡೆ ಅವರದ್ದು.

ಹುಡುಗಿ: ಹಡಗಿನ ಕೆಲಸದವರದ್ದು ಇನ್ನೂ ಚೆನ್ನ ಅಲ್ವಾ? ಕೆಲವು ತಿಂಗಳು ಸಮುದ್ರ, ಕೆಲವು ತಿಂಗಳು ಮನೆ.

ಚಿಕ್ಕಪ್ಪ: ಚೆನ್ನಾಗೇ ಇದೆ. ಆದರೆ ಇಳಿಯೋ ತಾರೀಖು ನಿನ್ನ ಕೈಲಿರಲ್ಲ, ಬದಲಿಯವನು ಬರದಿದ್ರೆ ಅಲ್ಲೇ ಮುಂದುವರೀಬೇಕು. ವಾರಾವಾರದ ಬಂಡೆಯಂತೂ ಇಲ್ಲ.

ಹುಡುಗಿ: ಹಾಗಾದ್ರೆ ಹವ್ಯಾಸವನ್ನೇ ಕೆಲಸ ಮಾಡ್ಕೊಂಡ್ರೆ? ಬಚೇಂದ್ರಿ ಪಾಲ್ ಹಾಗೆ. ಎಂ.ಎ., ಬಿ.ಎಡ್. ಓದಿದ್ರೂ ತಕ್ಕ ಕೆಲಸ ಸಿಗಲಿಲ್ಲ. ನೆಹರು ಸಂಸ್ಥೆಗೆ ಹೋದರು, 1984ರಲ್ಲಿ ಎವರೆಸ್ಟ್. ಟಾಟಾ ಸ್ಟೀಲ್‌ನವರು ಅವರನ್ನ ಸಾಹಸ ವಿಭಾಗಕ್ಕೇ ಮುಖ್ಯಸ್ಥೆ ಮಾಡಿದ್ರು.

ಚಿಕ್ಕಪ್ಪ: ಅಂಥ ಕೆಲಸ ದೇಶದಲ್ಲಿ ಎಷ್ಟಿದೆ? ಉಳಿದವರ ದಿನ ಹೇಗಿರುತ್ತೆ ನೋಡು. ಟ್ರೆಕ್ ಲೀಡರ್ ಅದೇ ದಾರೀಲಿ ಸೀಸನ್ ಪೂರ್ತಿ ಹತ್ತಿ ಇಳೀತಾನೆ, ಹೊಸ ಕಣಿವೆ ನೋಡೋಕೆ ಅವನಿಗೂ ರಜೆ ಬೇಕು. ಕ್ಲೈಂಬಿಂಗ್ ಹೇಳಿಕೊಡೋನು ದಿನವೆಲ್ಲ ಕೆಳಗೆ ನಿಂತು ಬೇರೆಯವರ ಹಗ್ಗ ಹಿಡೀತಾನೆ. ಸಫಾರಿ ಜೀಪಿನ ನ್ಯಾಚುರಲಿಸ್ಟ್ ದಿನಾ ಎರಡು ಸಲ ಕಾಡಿಗೆ ಹೋಗ್ತಾನೆ, ಕುಟ್ರಹಕ್ಕಿ ಮುಂದೆ ಅರ್ಧ ಗಂಟೆ ಕೂರೋ ಹಾಗಿಲ್ಲ, ಅತಿಥಿಗಳಿಗೆ ಹುಲಿ ಬೇಕು. ಇದೆಲ್ಲ ಕೀಳು ಕೆಲಸ ಅಂತಲ್ಲ ನನ್ನ ಮಾತು, ಅವರಲ್ಲಿ ನನ್ನ ಗುರುಗಳೇ ಇದಾರೆ. ಆದರೆ ಅವರಿಗೂ ಹವ್ಯಾಸಕ್ಕೆ ಟೈಮಿಲ್ಲ ಕಣಮ್ಮ.

ಹುಡುಗಿ: ತೇಜಸ್ವಿ?

ಚಿಕ್ಕಪ್ಪ: ಬರುತ್ತೆ ಅಂತ ಕಾಯ್ತಿದ್ದೆ. ಕೆಲಸ ಬಿಡಬೇಕು ಅನ್ನೋ ಪ್ರತಿಯೊಬ್ಬ ಕನ್ನಡಿಗನೂ ತೇಜಸ್ವಿ ಹೆಸರು ಹೇಳ್ತಾನೆ. ಮೈಸೂರಲ್ಲಿ ಕನ್ನಡ ಎಂ.ಎ. ಮಾಡಿ, ಮೇಷ್ಟ್ರಾಗದೆ ಮೂಡಿಗೆರೆಗೆ ಹೋಗಿ ಕಾಫಿ ತೋಟ ಮಾಡಿದ್ರು. ಗಾಳ ಹಾಕಿದ್ರು, ಹಕ್ಕಿ ಫೋಟೋ ತೆಗೆದ್ರು, ಸರಿ. ಅವರು ಬಿಡುವು ಹುಡುಕಿಕೊಂಡು ಹೋದವರಲ್ಲ, ರೈತನಾಗೋಕೆ ಹೋದವರು. ಕಾಫಿ ಕುಯ್ಲು ನವೆಂಬರಿಂದ ಫೆಬ್ರುವರಿ-ಮಾರ್ಚ್‌ವರೆಗೆ ಎಳೆಯುತ್ತೆ, ಬೆಟ್ಟ ಬಂಡೆಗೆ ಅತ್ಯುತ್ತಮ ಕಾಲವೇ ಅದು. ಆಗ ಕಣಕ್ಕೆ ಬೆನ್ನು ಹಾಕಿ ಹೋಗೋ ತೋಟದವರನ್ನ ನಾನು ನೋಡಿಲ್ಲ. ಈಗ ಅಲ್ಲಿ ಎಕರೆ ಏನು ಬೆಲೆ ಅಂತ ಬೇರೆ ವಿಚಾರಿಸಿ ನೋಡು.

ಹುಡುಗಿ: ನಮ್ಮ ಬಂಡೆ ಗುಂಪಿನ ಒಬ್ಬರು ರೋಪ್ ಆಕ್ಸೆಸ್ ಮಾಡ್ತಾರೆ. ಇರಾಟಾ ಸರ್ಟಿಫಿಕೇಟ್ ತಗೊಂಡು, ಹಗ್ಗದಲ್ಲಿ ನೇತಾಡಿಕೊಂಡು ಗಾಳಿಯಂತ್ರದ ರೆಕ್ಕೆ ರಿಪೇರಿ, ಗಾಜಿನ ಕಟ್ಟಡದ ಕೆಲಸ. ಗುತ್ತಿಗೆ ಮೇಲೆ. ಆರು ವಾರ ದುಡಿದು ಮೂರು ವಾರ ಮಾಯ. ಗಾಳಿ ಕಂಪನಿಗೆ ಸೇರಿದ್ರೆ ಆ ದಾರಿ ತೆರೆಯಬಹುದು ಅಂತ ಒಂದು ಆಸೆ. ಹೇಗೂ ಎಂಬತ್ತು ತೊಂಬತ್ತು ಮೀಟರ್ ಕಂಬ ಹತ್ತಿ ಇಳಿಯೋದೇ ಕೆಲಸ.

ಚಿಕ್ಕಪ್ಪ: ಇದು ನನ್ನ ಕಾಲದಲ್ಲಿ ಇರಲಿಲ್ಲ. ಇದರ ಬಗ್ಗೆ ನಾನು ಬುದ್ಧಿ ಹೇಳಲ್ಲ, ಅವರನ್ನೇ ಕೂರಿಸ್ಕೊಂಡು ಕೇಳು. ಬಿದ್ದರೆ ಚಿಕಿತ್ಸೆ ಖರ್ಚು ಯಾರದು, ಕೆಲಸ ಇಲ್ಲದ ತಿಂಗಳು ಬಾಡಿಗೆ ಹೇಗೆ ಕಟ್ಟುತ್ತಾರೆ, ಈ ಎರಡು ಮೊದಲು ಕೇಳು.

ಹುಡುಗಿ: ಕೇಳ್ತೀನಿ. ಚಿಕ್ಕಪ್ಪ, ನೀವು ಇಷ್ಟು ಹೊತ್ತು ಒಂದು ಮಾತು ಆಡಲಿಲ್ಲ.

ಚಿಕ್ಕಪ್ಪ: ಏನು?

ಹುಡುಗಿ: ಚಿಕ್ಕಮ್ಮನಿಗೂ ರಜೆ ಇತ್ತು. ಬ್ಯಾಂಕು. ಹನ್ನೊಂದು ದಿನ ದುಡಿದರೆ ಒಂದು ದಿನ ಪ್ರಿವಿಲೇಜ್ ಲೀವು. 2015ರಿಂದ ಎರಡನೇ, ನಾಲ್ಕನೇ ಶನಿವಾರ ಬೇರೆ. ನಿಮಗಿಂತ ಸಂಬಳ ಜಾಸ್ತಿ. ಅವರು ಎಷ್ಟು ಬೆಟ್ಟ ಹತ್ತಿದ್ರು?

ಚಿಕ್ಕಪ್ಪ: ಅವಳಿಗೆ ಇದರಲ್ಲಿ ಅಷ್ಟು ಆಸಕ್ತಿ ಇರಲಿಲ್ಲ.

ಹುಡುಗಿ: ಕಾಲೇಜಲ್ಲಿ ಎನ್‌ಸಿಸಿ ಕೆಡೆಟ್. ಟ್ರೆಕ್ಕಿಂಗ್ ಕ್ಯಾಂಪಿಗೆ ಹೋಗಿ ಬಂದ ಫೋಟೋ ಇವತ್ತಿಗೂ ಬೀರುವಿನಲ್ಲಿದೆ, ನನಗೆ ತೋರಿಸಿದ್ರು. ಅವರ ರಜೆ ಎಲ್ಲೆಲ್ಲಿ ಹೋಯ್ತು ಅಂತ ಹೇಳಲಾ? ಮಕ್ಕಳ ಜ್ವರಕ್ಕೆ, ಅಜ್ಜಿಯ ಕಣ್ಣಿನ ಆಪರೇಷನ್‌ಗೆ, ಗೃಹಪ್ರವೇಶ, ಗೌರಿ ಹಬ್ಬ. ನೀವು ಗಂಗೋತ್ರಿ ಕಡೆ ಹೋಗಿದ್ದಾಗ ಮನೇಲಿ ಯಾರಿದ್ರು? ಈಗ ನೀವು ನನಗೆ ಎರಡು ಕ್ಯಾಲೆಂಡರ್ ಇಟ್ಟು ನೋಡು ಅಂತೀರ. ನನ್ನ ಮುಂದೆ ಮೂರನೇದೂ ಇದೆ, ಅದು ಯಾವ ಆಫರ್ ಲೆಟರಲ್ಲೂ ಇಲ್ಲ.

ಚಿಕ್ಕಪ್ಪ: ಮದುವೆ ಮಾತು ಶುರುವಾಗಿದೆಯಾ ಮನೇಲಿ?

ಹುಡುಗಿ: ಶುರುವಾಗೋಕೆ ಆಫರ್ ಲೆಟರ್ ಸಾಕಲ್ಲ. ಹುಡುಗಿಗೆ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಅಂದ ಕೂಡಲೇ ಜಾತಕ ಕೇಳಿದವರಿದ್ದಾರೆ. ಗದಗದಲ್ಲಿ ಕಂಬ ಹತ್ತೋ ಕೆಲಸ ಅಂದ್ರೆ ಆ ಫೋನ್‌ಗಳು ಸ್ವಲ್ಪ ದಿನ ನಿಲ್ಲಬಹುದು. ಅದೂ ನನ್ನ ಲೆಕ್ಕದಲ್ಲಿದೆ, ಸುಳ್ಳು ಯಾಕೆ ಹೇಳಲಿ.

ಚಿಕ್ಕಪ್ಪ: ಹಾಗಾದ್ರೆ ಬೆಟ್ಟ ಹತ್ತೋದೆಲ್ಲ ಮದುವೆಗೆ ಮುಂಚೆಯೇ ಮುಗಿಸು ಅನ್ನೋರಿದ್ದಾರೆ...

ಹುಡುಗಿ: ಅದನ್ನ ನೀವು ನಿಮಗೆ ಯಾವತ್ತೂ ಹೇಳಿಕೊಳ್ಳಲಿಲ್ಲ.

ಚಿಕ್ಕಪ್ಪ: ಇಲ್ಲ.

ಹುಡುಗಿ: ಸಂತೋಷ್ ಯಾದವ್ 1992ರಲ್ಲಿ ಒಂದು ಸಲ, 1993ರಲ್ಲಿ ಇನ್ನೊಂದು ಸಲ ಎವರೆಸ್ಟ್ ಹತ್ತಿದ್ರು. ಇಂಡೋ-ಟಿಬೆಟನ್ ಬಾರ್ಡರ್ ಪೊಲೀಸ್‌ನಲ್ಲಿ ಅಧಿಕಾರಿ. ಅಲ್ಲಿ ಬೆಟ್ಟ ಹತ್ತೋದೂ ಡ್ಯೂಟಿಯೇ. ನಾನು ಯಾಕೆ ಅವರ ಬಗ್ಗೆ ಯೋಚಿಸ್ತೀನಿ ಅಂದ್ರೆ, ಡ್ಯೂಟಿ ಅಂತ ಹೋಗೋ ಹೆಂಗಸನ್ನ ಮನೇಲಿ ತಡೆಯಲ್ಲ. ಇಷ್ಟಕ್ಕೆ ಹೋಗೋಳನ್ನ ತಡೀತಾರೆ. ನಿಮ್ಮ ಇಷ್ಟಕ್ಕೆ ಮನೇಲಿ ಜಾಗ ಇತ್ತು, ನೀವು ಬರೀ ಸಮಯ ಹುಡುಕಿದ್ರೆ ಸಾಕಿತ್ತು.

ಚಿಕ್ಕಪ್ಪ: ಒಪ್ಪಿದೆ. ಹಾಗಂತ ಇದನ್ನ ಕೆಲಸ ಆರಿಸೋದರಿಂದ ಬಗೆಹರಿಸ್ಕೋಬಹುದು ಅಂತ ನನಗನ್ನಿಸಲ್ಲ.

ಹುಡುಗಿ: ಪೂರ್ತಿ ಆಗಲ್ಲ. ಸ್ವಲ್ಪ ಆಗುತ್ತೆ. ನನ್ನದೇ ದುಡ್ಡು ಇದ್ದು, ಕೋರ್ಸಿನ ಸೀಟು ಬುಕ್ ಆಗಿದ್ರೆ, ಕೇಳೋದು ಬಿಟ್ಟು ಹೇಳಬಹುದು.

ಚಿಕ್ಕಪ್ಪ: ಸೀಟು ಅಂದ ಕೂಡಲೇ ನೆನಪಾಯ್ತು. ಅಲ್ಲಿ ತಿಂಗಳುಗಟ್ಟಲೆ ಮುಂಚೆ ಭರ್ತಿಯಾಗುತ್ತೆ. ನೀನು ಕೆಲಸಕ್ಕೆ ಸೇರಿ, ರಜೆ ಮಂಜೂರಾಗಿ, ಆಮೇಲೆ ಅರ್ಜಿ ಹಾಕ್ತೀನಿ ಅಂದ್ರೆ ಆಗಲ್ಲ. ಈಗಲೇ ತಾರೀಖು ಹಿಡಿದು, ಆ ತಾರೀಖು ಇಟ್ಕೊಂಡು ಕಂಪನಿ ಹತ್ರ ಮಾತಾಡಬೇಕು. ಇನ್ನೊಂದು ದಾರೀನೂ ಇದೆ. ಬೆಂಗಳೂರಿನ ಹುಡುಗರಲ್ಲಿ ಈ ಕೋರ್ಸ್ ಮಾಡಿದವರನ್ನ ಕೇಳಿ ನೋಡು, ಎಷ್ಟೋ ಜನ ಮಾಡಿರೋದು ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಸೇರೋ ನಡುವೆ. ಮೂರು ತಿಂಗಳ ನೋಟಿಸ್ ಪೀರಿಯಡ್ ಇದೆಯಲ್ಲ, ಆಗ ಹೊಸ ಕಂಪನಿಗೆ ಸೇರೋ ತಾರೀಖನ್ನ ಒಂದು ತಿಂಗಳು ಮುಂದಕ್ಕೆ ತಳ್ಳೋದು. ಆಗ ನಿನ್ನ ಮೇಲೆ ಯಾರ ಯಜಮಾನಿಕೆಯೂ ಇರಲ್ಲ. ರಜೆ ಬೇಡೋದೇ ಬೇಡ.

ಹುಡುಗಿ: ನನಗೆ ಈಗಲೇ ಅಂಥ ನಡುವಿನ ಕಾಲ ಇದೆ. ಕೊನೇ ಸೆಮಿಸ್ಟರ್ ಮುಗಿಯೋದು ಜೂನ್. ಸೇರಿಸ್ಕೊಳ್ಳೋದು ಯಾವಾಗ ಅಂತ ಸಾಫ್ಟ್‌ವೇರ್‌ನವರು ಹೇಳಿಲ್ಲ, ನಮ್ಮ ಸೀನಿಯರ್ಸ್‌ನ ಎಷ್ಟೋ ತಿಂಗಳು ಕಾಯಿಸಿದ್ರು. ಸೆಪ್ಟೆಂಬರ್-ಅಕ್ಟೋಬರ್ ಬ್ಯಾಚಿಗೆ ನೋಡಬಹುದು. ಆದರೆ ನಡುವೆ ಕರೆ ಬಂದರೆ?

ಚಿಕ್ಕಪ್ಪ: ಕರೆ ಬರೋಕೆ ಮುಂಚೆ ನೀನೇ ಬರೆ. ಎರಡೂ ಕಡೆಗೆ, ಇವತ್ತೇ. ವರ್ಷಕ್ಕೆ ಎಷ್ಟು ರಜೆ ಅಂತ ಕೇಳಬೇಡ, ಅದು ಕಾಗದದಲ್ಲೇ ಇದೆ. ಸೇರೋ ತಾರೀಖು ಯಾವುದು, ಪ್ರೊಬೇಷನ್ ಮುಗಿದ ಮೇಲೆ ಸಂಬಳವಿಲ್ಲದೆ ನಾಲ್ಕು ವಾರ ಒಟ್ಟಿಗೆ ಕೊಡ್ತೀರಾ, ಅದನ್ನ ಒಪ್ಪೋರು ಯಾರು, ಬರಹದಲ್ಲಿ ಕೊಡ್ತೀರಾ. ಇಷ್ಟು.

ಹುಡುಗಿ: ಸೇರೋಕೆ ಮುಂಚೇನೇ ರಜೆ ಕೇಳ್ತಾಳೆ ಅಂತ ಆಫರ್ ವಾಪಸ್ ತಗೊಂಡ್ರೆ?

ಚಿಕ್ಕಪ್ಪ: ತಗೋಬಹುದು. ನೂರಾರು ಜನರನ್ನ ಒಟ್ಟಿಗೆ ತಗೊಳ್ಳೋ ಕಡೆ ಬಹುಶಃ ಉತ್ತರಾನೇ ಬರಲ್ಲ. ಹತ್ತು ಜನರ ಸೈಟಲ್ಲಿ ಮ್ಯಾನೇಜರ್ ಫೋನ್ ಮಾಡ್ತಾನೆ, ಯಾಕಮ್ಮ ಅಂತ ಕೇಳ್ತಾನೆ. ಹೇಳು. ಎತ್ತರದ ಭಯ ಇಲ್ಲದ, ಹಗ್ಗ ಕಟ್ಟೋಕೆ ಬರೋ ಇಂಜಿನಿಯರ್ ಅವನಿಗೂ ಸುಲಭಕ್ಕೆ ಸಿಗಲ್ಲ. ಮೇ ಬೇಡ, ಗಾಳಿ ಇಳಿದ ಮೇಲೆ ಅಕ್ಟೋಬರ್ ಬ್ಯಾಚಿಗೆ ಹೋಗ್ತೀನಿ ಅಂದ್ರೆ ಅವನ ನಿರ್ವಹಣೆ ಕೆಲಸವನ್ನ ಒಂದು ತಿಂಗಳು ಹಿಂದೆ ಮುಂದೆ ಮಾಡಬಹುದೇನೋ. ಯಂತ್ರದ ಕ್ಯಾಲೆಂಡರ್ ಮನುಷ್ಯರು ಬರೆದಿರೋದು, ಅದರಲ್ಲಿ ಸ್ವಲ್ಪ ಸಡಿಲ ಇರುತ್ತೆ.

ಹುಡುಗಿ: ಸರಿ, ಗಾಳಿ ಕಂಪನಿಗೆ ಮೊದಲು. ಲ್ಯಾಪ್‌ಟಾಪ್ ತರ್ತೀನಿ, ಓದಿ ಹೇಳಿ. ಅಪ್ಪನಿಗೆ ಏನು ಹೇಳೋದು?

ಚಿಕ್ಕಪ್ಪ: ಉತ್ತರ ಬರೋವರೆಗೆ ಏನೂ ಬೇಡ. ಬಂದ ಮೇಲೆ ನಿನ್ನ ಚಿಕ್ಕಮ್ಮನ್ನ ಕಳಿಸೋಣ, ಅಣ್ಣ ಅವಳ ಮಾತು ಕೇಳ್ತಾನೆ.

ಹುಡುಗಿ: ಅವರನ್ನ ಕೇಳದೆ ಅವರನ್ನ ಕಳಿಸ್ತೀರಾ? ನೀವೇ ಬನ್ನಿ.

ಚಿಕ್ಕಪ್ಪ: ಬರ್ತೀನಿ ಮಾರಾಯ್ತಿ. ಏನು ಬರೆದೆ, ಓದು.

ಹುಡುಗಿ: 'ಮಾನ್ಯರೇ, ತಾವು ನೀಡಿರುವ ಅವಕಾಶಕ್ಕೆ ಧನ್ಯವಾದಗಳು. ಸೇರುವ ಮುನ್ನ ಒಂದು ವಿಷಯ ಸ್ಪಷ್ಟಪಡಿಸಿಕೊಳ್ಳಲು ಬಯಸುತ್ತೇನೆ. ಮುಂದಿನ ವರ್ಷ ಅಕ್ಟೋಬರ್ ಸುಮಾರಿಗೆ ನನಗೆ ಸಂಬಳರಹಿತವಾಗಿ ಸತತ ಮೂವತ್ತೆರಡು ದಿನಗಳ ರಜೆ ಬೇಕಾಗುತ್ತದೆ...'

ಚಿಕ್ಕಪ್ಪ: 28 ಅಲ್ವಾ?

ಹುಡುಗಿ: ಹೋಗೋಕೆರಡು, ಬರೋಕೆರಡು. ಗದಗದಿಂದ ಉತ್ತರಕಾಶಿ ಏನು ಪಕ್ಕದ ಓಣೀಲಿದೆಯಾ?

ಚಿಕ್ಕಪ್ಪ: 'ಕ್ಷಮಿಸಿ' ಅಂತ ಎಲ್ಲೂ ಹಾಕಿಲ್ಲ ತಾನೇ?

ಹುಡುಗಿ: ಹಾಕಿಲ್ಲ. ಮುಂದೆ ಕೇಳಿ.